ಬಲವಾಗಿ ಒಪ್ಪುತ್ತೇನೆ

ಸಣ್ಣ ವ್ಯಾಪಾರಿಗಳು ಆನ್‌ಲೈನ್‌ಗೆ ಬರುತ್ತಿಲ್ಲ ಅಂತ ವಿಶ್ವವಿದ್ಯಾಲಯದವರು ಮತ್ತೆ ಚಿಂತೆಗೆ ಬಿದ್ದಿದ್ದಾರೆ. ವಿಚಾರ ಸಂಕಿರಣದ ಸುದ್ದಿ ನೀವೂ ಓದಿರುತ್ತೀರಿ. ಯಾವ ವಿಶ್ವವಿದ್ಯಾಲಯ ಅಂತ ಕೇಳಬೇಡಿ, ಯಾವುದಾದರೂ ಆಗಬಹುದಿತ್ತು. ದೀಪ ಹಚ್ಚುವ ಫೋಟೋ ಎಲ್ಲಾ ಕಡೆ ಒಂದೇ. ತಲೆಬರಹವೂ ಅಷ್ಟೇ. ಮದುವೆ ಕಾರ್ಡಿಗೆ ‘ಶ್ರೀ ಗಣೇಶಾಯ ನಮಃ’ ಹೇಗೋ, ಸಂಶೋಧನೆಗೆ ‘ಸವಾಲುಗಳು ಮತ್ತು ಅವಕಾಶಗಳು’ ಹಾಗೆ. ವೇದಿಕೆ ಮೇಲೆ ಹನ್ನೊಂದು ಜನ, ಸಣ್ಣ ವ್ಯಾಪಾರಿ ಒಬ್ಬನೂ ಇಲ್ಲ. ತಪ್ಪಾಯ್ತು, ಒಬ್ಬ ಇದ್ದಿರಬೇಕು. ಊಟದ ಕ್ಯಾಟರಿಂಗ್‌ನವನು. ಬಿಲ್ಲಿಗೆ ಸಹಿ ಆಗಲಿ ಅಂತ ಹಿಂದೆ ಕಾಯುತ್ತಾ ನಿಂತಿರುತ್ತಾನೆ.

ಈ ಸಂಶೋಧನೆ ಹುಟ್ಟುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ, ನಮ್ಮ ತುಮಕೂರಿನ ಮಂಡಿಪೇಟೆಯಲ್ಲಿ. ಹುಣಸೆಹಣ್ಣು ಕೊಳ್ಳಲು ಶೆಟ್ಟರ ಅಂಗಡಿಗೆ ಹೋಗಿದ್ದೆ. ಹನ್ನೆರಡು ಪುಟದ ಪ್ರಶ್ನಾವಳಿ ಹಿಡಿದ ಹುಡುಗಿಯೊಬ್ಬಳು ಬಂದಳು. ಇಂಥ ಇನ್ನೂರು ತುಂಬಿಸಬೇಕಂತೆ. ಬಿಸಿಲಿಗೆ ಮುಖ ಬಾಡಿತ್ತು. ಶೆಟ್ಟರು ಮೊದಲು ನೀರು ಕೊಟ್ಟರು, ಆಮೇಲೆ ಸ್ಟೂಲ್ ಕೊಟ್ಟರು.

“ಅಂಕಲ್, ನೀವು ವ್ಯಾಪಾರದಲ್ಲಿ ಮಾಹಿತಿ ತಂತ್ರಜ್ಞಾನ ಬಳಸ್ತೀರಾ?”

“ಅಯ್ಯೋ, ಕಂಪ್ಯೂಟರ್ ಎಲ್ಲಾ ಇಲ್ಲಮ್ಮ.”

ಆಕೆ ‘ಇಲ್ಲ’ಕ್ಕೆ ಟಿಕ್ ಹಾಕಿದಳು. ಅದೇ ಹೊತ್ತಿಗೆ ತಕ್ಕಡಿ ಪಕ್ಕದ ಡಬ್ಬಿ ಕೂಗಿತು: ಮೂವತ್ತೈದು ರೂಪಾಯಿ ಸ್ವೀಕರಿಸಲಾಗಿದೆ. ಇಬ್ಬರೂ ಆ ಕಡೆ ತಿರುಗಿ ನೋಡಲಿಲ್ಲ.

ಶೆಟ್ಟರ ಮೊಬೈಲಿಗೆ ದಿನಾ ಬೆಳಗ್ಗೆ ವಾಟ್ಸಾಪ್‌ನಲ್ಲಿ ಚೀಟಿ ಬರುತ್ತದೆ. ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದ ಪಟ್ಟಿಯ ಫೋಟೋ. ಬರೆಯಲು ಬೇಜಾರಾದವರು ವಾಯ್ಸ್ ಮೆಸೇಜ್ ಹಾಕುತ್ತಾರೆ: “ಅಣ್ಣಾ, ಕಡ್ಲೆಬೇಳೆ ಅರ್ಧ ಕೇಜಿ, ಬೆಲ್ಲ ಹೋದ್ಸಲದ್ದು ಬೇಡ, ಕಪ್ಪಗಿತ್ತು.” ಹುಡುಗ ಸೈಕಲ್ಲಲ್ಲಿ ತಲುಪಿಸುತ್ತಾನೆ. ದುಡ್ಡು ಫೋನಿಗೆ ಬರುತ್ತದೆ. ಬೆಲ್ಲ ಕಪ್ಪಗಿದ್ದರೆ ವಾಪಸ್ಸೂ ಬರುತ್ತದೆ. ಇದು ಇ-ಕಾಮರ್ಸ್ ಅಲ್ವಾ ಅಂತ ಆ ಹುಡುಗಿಯನ್ನು ಕೇಳಿದೆ.

ಅಲ್ಲವಂತೆ. ಮನೆಗೆ ಬಂದು ಹುಡುಕಿದೆ. ಆ ಹುಡುಗಿ ಹೇಳಿದ್ದು ಸರಿಯೇ ಇತ್ತು. ಶ್ರೀಮಂತ ದೇಶಗಳ ಕೂಟವಾದ ಒಇಸಿಡಿ 2009ರಲ್ಲಿ ಇ-ಕಾಮರ್ಸ್‌ಗೆ ಒಂದು ವ್ಯಾಖ್ಯೆ ಕೊಟ್ಟಿದೆ. ಆರ್ಡರ್ ಪಡೆಯುವುದಕ್ಕೆಂದೇ ಮಾಡಿದ ವ್ಯವಸ್ಥೆಯಲ್ಲಿ ಆರ್ಡರ್ ಬಂದಿರಬೇಕು. ಫೋನಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ, ಫ್ಯಾಕ್ಸ್ ಲೆಕ್ಕಕ್ಕಿಲ್ಲ, ಕೂತು ಟೈಪ್ ಮಾಡಿದ ಇಮೇಲೂ ಇಲ್ಲ. ಆ ಲೆಕ್ಕದಲ್ಲಿ ನಮ್ಮ ಕಡ್ಲೆಬೇಳೆ ವಾಯ್ಸ್ ಮೆಸೇಜ್ ಶಿಲಾಯುಗದ್ದು. ಅದೇ ಗೃಹಿಣಿ ಆ್ಯಪ್ ಒತ್ತಿ ಬೆಂಗಳೂರಿನ ಗೋದಾಮಿನಿಂದ ಅದೇ ಬೇಳೆ ತರಿಸಿದರೆ ಡಿಜಿಟಲ್ ಕ್ರಾಂತಿ. ‘ಸಣ್ಣ’ ಅನ್ನುವುದಕ್ಕೂ ಸರ್ಕಾರದ ಒಂದು ವ್ಯಾಖ್ಯೆ ಇದೆ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಕೋಟಿವರೆಗೆ ವಹಿವಾಟಿದ್ದವನು ಅತಿಸಣ್ಣ, 100 ಕೋಟಿವರೆಗೆ ಸಣ್ಣ. ಶೆಟ್ಟರು ‘ಸಣ್ಣ’ ಆಗುವಷ್ಟು ದೊಡ್ಡವರಾಗಲು ಇನ್ನೂ ಏಳೆಂಟು ಜನ್ಮ ಬೇಕು.

ಐದನೇ ಪುಟದಿಂದ ಒಪ್ಪುವ ಕಾಲಂ ಶುರುವಾಯಿತು. ಬಲವಾಗಿ ಒಪ್ಪುತ್ತೇನೆ, ಒಪ್ಪುತ್ತೇನೆ, ತಟಸ್ಥ, ಒಪ್ಪುವುದಿಲ್ಲ, ಬಲವಾಗಿ ಒಪ್ಪುವುದಿಲ್ಲ. ಲಿಕರ್ಟ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ 1932ರಲ್ಲಿ ಕೊಟ್ಟ ಅಳತೆಗೋಲು ಇದು. ಶೆಟ್ಟರು ಕನ್ನಡಕ ಏರಿಸಿ ನೋಡಿದರು.

“ಒಪ್ಪಿದ್ರೆ ಒಪ್ಪಿದ ಹಾಗೆ. ಅದರಲ್ಲೂ ಅರ್ಧ ಕೇಜಿ, ಒಂದು ಕೇಜಿ ಇರುತ್ತೇನಮ್ಮಾ?”

ಆ ಹುಡುಗಿ ನಕ್ಕಳು. ಪಾಪ, ಅವಳದೇನು ತಪ್ಪು? ಗೈಡ್ ಕೊಟ್ಟಿದ್ದು ಇದೇ ಫಾರ್ಮು. ಅವರ ಗೈಡ್ ಅವರಿಗೆ ಕೊಟ್ಟಿದ್ದೂ ಇದೇ ಇರಬೇಕು. ಫೋನಲ್ಲಿ ದುಡ್ಡು ತೆಗೆದುಕೊಳ್ಳಲು ಯಾಕೆ ಶುರು ಮಾಡಿದಿರಿ ಅಂತ ಕೇಳಿ, ಉಪಯುಕ್ತತೆ, ಸುಲಭತೆ ಅಂತ ಎರಡು ಕಾರಣ ಕೊಟ್ಟಿದ್ದರು. ಜನ ಹೊಸ ತಂತ್ರಜ್ಞಾನ ಯಾಕೆ ಒಪ್ಪುತ್ತಾರೆ ಅನ್ನುವ ಸಿದ್ಧಾಂತವೊಂದರ ಈ ಜೋಡಿಯೂ 1989ರಿಂದ ಊರೂರು ಸುತ್ತುತ್ತಿದೆ. ಶೆಟ್ಟರ ಕಾರಣ ಚಿಲ್ಲರೆ. ಎರಡು ರೂಪಾಯಿ ಚಿಲ್ಲರೆ ಇಲ್ಲದೆ ಚಾಕೊಲೇಟ್ ಕೊಟ್ಟು ಬೈಸಿಕೊಂಡು ಸಾಕಾಗಿತ್ತು. ಚಿಲ್ಲರೆಗೆ ಕಾಲಂ ಇರಲಿಲ್ಲ. ‘ಇತರೆ’ಗೆ ಹೋಯಿತು.

ಇಂಥ ಒಂದೆರಡು ಪ್ರಬಂಧ ನಾನು ಓದಿದ್ದೇನೆ. ಮುನ್ನೂರು ಪುಟ, ಬಣ್ಣಬಣ್ಣದ ಪೈ ಚಾರ್ಟು, ಕೊನೆಗೆ ತೀರ್ಪು: ಸಣ್ಣ ವ್ಯಾಪಾರಿಗಳು ಆನ್‌ಲೈನ್‌ನಲ್ಲಿ ಮಾರದಿರಲು ಮುಖ್ಯ ಕಾರಣ ಅರಿವಿನ ಕೊರತೆ. ಅರಿವು ಮೂಡಿಸಬೇಕು. ಅಂದರೆ ಇನ್ನೊಂದು ಸಂಕಿರಣ.

ಸ್ವಾಮಿ, ಯಾರ ಅರಿವಿನ ಕೊರತೆ? 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. ಅಂಗಡಿಯಲ್ಲಿ ಕೂತು ಮಾರುವ ಚಿಕ್ಕ ವ್ಯಾಪಾರಿಗೆ ಇಂತಿಷ್ಟು ವಹಿವಾಟಿನವರೆಗೆ ನೋಂದಣಿ ಬೇಡ. ಅದೇ ಸರಕನ್ನು ಇ-ಕಾಮರ್ಸ್ ಕಂಪನಿ ಮೂಲಕ ಮಾರಿದರೆ ಮೊದಲ ಪ್ಯಾಕೆಟ್‌ನಿಂದಲೇ ನೋಂದಣಿ ಕಡ್ಡಾಯವಾಗಿತ್ತು. ವಹಿವಾಟಿನ ಮೇಲೆ ಇಂತಿಷ್ಟು ಅಂತ ಕಟ್ಟಿ ಮುಗಿಸುವ ರಾಜಿ ತೆರಿಗೆ, ಅದೇ ಕಾಂಪೊಸಿಷನ್, ಅದರಲ್ಲಿ ಇದ್ದವನು ಆ ಕಂಪನಿಗಳ ಮೂಲಕ ಮಾರುವ ಹಾಗೇ ಇರಲಿಲ್ಲ. 2023ರ ಅಕ್ಟೋಬರ್ 1ರವರೆಗೆ ಹೀಗೇ ಇತ್ತು. ಆಮೇಲೆ ಸಡಿಲ ಆಗಿದ್ದೂ ರಾಜ್ಯದೊಳಗೆ ಸರಕು ಮಾರುವುದಕ್ಕೆ ಮಾತ್ರ. ಆರು ವರ್ಷ ಮೂರು ತಿಂಗಳು ಕಾನೂನೇ ಬಾಗಿಲು ಹಾಕಿಕೊಂಡಿತ್ತು. ಹೊರಗೆ ನಿಂತವನಿಗೆ ಬಾಗಿಲು ತಟ್ಟಲು ಬರುವುದಿಲ್ಲ ಅಂತ ಪಿಎಚ್‌ಡಿ ಕೊಟ್ಟೆವು. ಈ ಹನ್ನೆರಡು ಪುಟದಲ್ಲಿ ಜಿಎಸ್‌ಟಿ ಅನ್ನುವ ಪದ ಒಂದೇ ಸಲ ಇತ್ತು, ‘ನೋಂದಣಿ ಸಂಖ್ಯೆ (ಇದ್ದರೆ)’ ಅಂತ.

2025ರ ಜುಲೈ ನೆನಪಿದೆ ತಾನೇ? ಫೋನಿಗೆ ಬಂದ ದುಡ್ಡಿನ ಲೆಕ್ಕ ಹಿಡಿದು ಬೇಕರಿ, ಕಾಂಡಿಮೆಂಟ್ಸ್, ತರಕಾರಿಯವರಿಗೆ ತೆರಿಗೆ ನೋಟಿಸ್ ಬಂತು. ಹಾವೇರಿಯ ತರಕಾರಿ ವ್ಯಾಪಾರಿಗೆ 29 ಲಕ್ಷ. ಕ್ಯೂಆರ್ ಕೋಡ್ ಕಿತ್ತು ‘ನೋ ಯುಪಿಐ, ಕ್ಯಾಶ್ ಮಾತ್ರ’ ಅಂಟಿಸಿದರು. ಹಾಲಿಗೆ ತೆರಿಗೆ ಇದೆಯಾ, ಬಿಡಿ ಬೇಳೆಗೆ ಇದೆಯಾ, ತಮ್ಮ ಕಳಿಸಿದ ಸಾಲದ ದುಡ್ಡೂ ವ್ಯಾಪಾರವಾ? ಇಷ್ಟು ಕೇಳಲು ಮಂಡಿಪೇಟೆಯವರು ಆಡಿಟರ್ ಬಾಗಿಲಲ್ಲಿ ಸಾಲು ನಿಂತರು. ಆ ವಾರ ಪ್ರಶ್ನಾವಳಿ ಹಿಡಿದು ಒಬ್ಬರೂ ಬರಲಿಲ್ಲ. ಆವತ್ತು ಪ್ರಶ್ನೆ ಇದ್ದಿದ್ದು ವ್ಯಾಪಾರಿಗಳ ಹತ್ತಿರ. ಉತ್ತರ ಕೊಡುವ ಕೆಲಸಕ್ಕೆ ವಿಶ್ವವಿದ್ಯಾಲಯದಲ್ಲಿ ಅಂಕ ಇಲ್ಲ. ಮುಖ್ಯಮಂತ್ರಿಗಳು ಕರೆದು ಮಾತಾಡಿದ ಮೇಲೆ ಗಲಾಟೆ ತಣ್ಣಗಾಯಿತು. ಶೆಟ್ಟರ ಗಾಜಿನ ಮೇಲೆ ಆ ಚೀಟಿಯ ಗೋಂದು ಇನ್ನೂ ಇದೆ. ಉಗುರಲ್ಲಿ ಕೆರೆದರೂ ಹೋಗಿಲ್ಲ.

ಹನ್ನೆರಡನೇ ಪುಟಕ್ಕೆ ಬರುವ ಹೊತ್ತಿಗೆ ನನ್ನ ಹುಣಸೆಹಣ್ಣಿನ ಪೊಟ್ಟಣ ಬೆವತಿತ್ತು. ಆಕೆ ಕೊನೆಯ ಸಾಲು ಓದಿದಳು: “ಡಿಜಿಟಲ್ ಪಾವತಿಯಿಂದ ನನ್ನ ವ್ಯವಹಾರ ಹೆಚ್ಚು ಪಾರದರ್ಶಕವಾಗಿದೆ.”

ಶೆಟ್ಟರು ಪಕ್ಕದ ಬೇಕರಿ ಕಡೆ ಒಮ್ಮೆ ನೋಡಿದರು.

“ಬಲವಾಗಿ ಒಪ್ಪುತ್ತೇನೆ ಅಂತ ಹಾಕಮ್ಮ. ಅದಕ್ಕಿಂತ ಜಾಸ್ತಿ ಬಲದ್ದು ಇನ್ನೊಂದು ಕಾಲಂ ಇದ್ರೆ ಅದಕ್ಕೂ ಹಾಕು.”