ಒಗ್ಗರಣೆ ಕೊಟ್ಟ ಸಾಕ್ಷಿ

ಪಕ್ಕದ ಮನೆಯಲ್ಲಿ ಇವತ್ತೇನು ಅಡುಗೆ ಅಂತ ಕೇಳಬೇಕಾಗಿಲ್ಲ, ಮೂಗೇ ಹೇಳುತ್ತದೆ. ಇಷ್ಟವಾದರೆ ಬಾಯಲ್ಲಿ ನೀರೂರುತ್ತದೆ, ಆಗದಿದ್ದರೆ ಕಿಟಕಿ ಹಾಕಿಕೊಳ್ಳುತ್ತೇವೆ. ಹದಿನೈದನೇ ಶತಮಾನದ ಸ್ಪೇನಿನಲ್ಲಿ ಮಾತ್ರ ಈ ವಾಸನೆ ದೂರುಪಟ್ಟಿಗೆ ಹೋಗುತ್ತಿತ್ತು.

1391ರಲ್ಲಿ ಅಲ್ಲಿನ ಸೆವಿಲ್ಲೆ ನಗರದ ಯಹೂದಿ ಕೇರಿಯ ಮೇಲೆ ದೊಂಬಿ ಎದ್ದು ಊರಿಂದೂರಿಗೆ ಹಬ್ಬಿತು. ಜೀವ ಉಳಿದರೆ ಸಾಕೆಂದು ಸಾವಿರಾರು ಜನ ಕ್ರೈಸ್ತರಾದರು. ಅವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ 'ಕನ್ವೆರ್ಸೊ', ಅಂದರೆ ಮತ ಬದಲಿಸಿದವರು, ಎಂಬ ಪಟ್ಟ ಅಂಟಿಕೊಂಡಿತು. ಕ್ರೈಸ್ತರಾಗಲು ಪಾದ್ರಿಯ ಕೈಯಲ್ಲಿ ತಲೆಗೆ ನೀರು ಹಾಕಿಸಿಕೊಳ್ಳಲು ಎಷ್ಟು ಹೊತ್ತು? ಆದರೆ ಮನೆಗೆ ಬಂದು ಒಲೆ ಹಚ್ಚಿದರೆ ಕೈ ಹಳೇ ಎಣ್ಣೆ ಭರಣಿಗೇ ಹೋಗುತ್ತದೆ, ಅಲ್ವಾ? ಯಹೂದಿಗಳಿಗೆ ಹಂದಿ ನಿಷಿದ್ಧ. ನೆರೆಯವರು ಹಂದಿ ಕೊಬ್ಬಿನಲ್ಲಿ ಹುರಿದರೆ ಇವರದು ಆಲಿವ್ ಎಣ್ಣೆ, ಈರುಳ್ಳಿ, ಬೆಳ್ಳುಳ್ಳಿ. ಆಂಡ್ರೆಸ್ ಬೆರ್ನಾಲ್ಡೆಸ್ ಎಂಬ ಪಾದ್ರಿ ಆ ಕಾಲದ ಚರಿತ್ರೆ ಬರೆಯುತ್ತಾ ಇದನ್ನೂ ಬಿಡಲಿಲ್ಲ. ಎಣ್ಣೆಯಲ್ಲಿ ಮಾಂಸ ಬೇಯಿಸಿ ಇವರ ಬಾಯಿ ನಾರುತ್ತದೆ, ಮನೆ ಬಾಗಿಲೂ ನಾರುತ್ತದೆ ಅಂತ ಗೊಣಗಿದ. ಇವತ್ತು ಜಗತ್ತಿನಲ್ಲಿ ಅತಿ ಜಾಸ್ತಿ ಆಲಿವ್ ಎಣ್ಣೆ ತೆಗೆಯುವ ದೇಶ ಸ್ಪೇನ್. ಪಾಪ, ಪಾದ್ರಿ ಈಗಿದ್ದಿದ್ದರೆ ಮೂಗು ಮುಚ್ಚಿಕೊಂಡೇ ಓಡಾಡಬೇಕಿತ್ತು.

1480ರಲ್ಲಿ, ಹೆಸರಿಗೆ ಕ್ರೈಸ್ತರಾಗಿ ಹಳೇ ಧರ್ಮ ಬಿಡದವರನ್ನು ಹುಡುಕಿ ಶಿಕ್ಷಿಸುವ ಧರ್ಮನ್ಯಾಯಾಲಯವಾದ ಇನ್‌ಕ್ವಿಸಿಷನ್ ಸೆವಿಲ್ಲೆಗೆ ಬಂದ ಮೇಲೆ ಗೊಣಗಾಟ ಕಾನೂನಾಯಿತು. ಯಾವುದಕ್ಕೆಲ್ಲ ದೂರು ಕೊಡಬೇಕೆಂದು ಚರ್ಚಿನಲ್ಲೇ ಓದಿ ಹೇಳುತ್ತಿದ್ದರು. ಶನಿವಾರ ಮಡಿ ಬಟ್ಟೆ ಉಡುವುದು. ಹಂದಿ, ಮೊಲ ತಿನ್ನದಿರುವುದು. ಶುಕ್ರವಾರವೇ ಶನಿವಾರದ ಅಡುಗೆ ಮಾಡಿಡುವುದು. ಆ ಅಡುಗೆಯ ಹೆಸರು ಅದಾಫಿನಾ. ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆವರೆಗಿನ ಸಬ್ಬತ್ತು ಯಹೂದಿಗಳ ವಿಶ್ರಾಂತಿ ದಿನ, ಆಗ ಬೆಂಕಿ ಹಚ್ಚುವಂತಿಲ್ಲವಲ್ಲ, ಅದಕ್ಕೇ ಕಾಬೂಲಿ ಕಡಲೆ, ಮಾಂಸ, ಈರುಳ್ಳಿಯನ್ನು ಮಡಕೆಗೆ ಹಾಕಿ, ಬಾಯಿ ಭದ್ರ ಮಾಡಿ, ಹೊತ್ತು ಮುಳುಗುವ ಮೊದಲೇ ಕೆಂಡದ ಮೇಲೆ ಕೂರಿಸುವುದು. ಬೂದಿ ಮುಚ್ಚಿದ ಕೆಂಡದಲ್ಲಿ ಅದು ರಾತ್ರಿಯಿಡೀ ಬೇಯುತ್ತಿರುತ್ತದೆ. ಮರುದಿನ ಮಧ್ಯಾಹ್ನ ಮುಚ್ಚಳ ತೆಗೆದರೆ ಬಿಸಿಬಿಸಿ ಊಟ.

ನನಗೆ ಕರುಳು ಚುರ್ ಎನ್ನುವುದು ಗುಟ್ಟಾಗಿ ಹಳೇ ಧರ್ಮ ಪಾಲಿಸಿದವರನ್ನು ನೆನೆದಲ್ಲ. ಅವರಿಗೆ ತಾವೇನು ಮಾಡುತ್ತಿದ್ದೇವೆಂದು ಗೊತ್ತಿತ್ತು. ಮನಸ್ಸಾರೆ ಏಸುವನ್ನು ನಂಬಿದ್ದೂ ಹಂದಿ ಮಾಂಸ ಕಂಡರೆ ಸುಮ್ನೆ ವಾಕರಿಕೆ ಬರುತ್ತಿದ್ದವರ ಗತಿ ಏನು? ಹುಟ್ಟಾ ತಿನ್ನದ್ದು ನಡುವಯಸ್ಸಿನಲ್ಲಿ ಗಂಟಲಿಗಿಳಿಯುತ್ತದೆಯೇ? ಹೊಟ್ಟೆಗೆ ಸೇರಲ್ಲ ಸ್ವಾಮಿ ಅಂದರೆ ಅದನ್ನೇ ಬರೆದುಕೊಳ್ಳುತ್ತಿದ್ದರು. ಸಾಕ್ಷಿಗಾಗಿ ದೂರ ಹೋಗಬೇಕಾಗಿಯೂ ಇರಲಿಲ್ಲ. ಎಷ್ಟೋ ಪ್ರಕರಣಗಳಲ್ಲಿ ಹೇಳಿಕೆ ಕೊಟ್ಟವರು ಅದೇ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿಕೊಟ್ಟ ಮನೆಗೆಲಸದವರು.