ನೂರೊಂಬತ್ತನೇ ಟೀ

ನಮ್ಮ ಬೀದಿ ತುದಿಯ ಬೇಕರಿಯಲ್ಲಿ ಮೂರು ವರ್ಷದಿಂದ ಒಬ್ಬ ಹೆಂಗಸು ದುಡಿಯುತ್ತಿದ್ದಳು. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ ಕೆಲಸ, ಒಂದು ದಿನ ರಜೆ ಇಲ್ಲ, ಸಂಬಳದ ಸಾಲ ಕೇಳಿದವಳಲ್ಲ. ಗಿರಾಕಿ ಫೋನು ಎತ್ತಿ ಹಿಡಿದ ಮರುಗಳಿಗೆಯಲ್ಲಿ ಇಡೀ ಬೀದಿಗೆ ಕೇಳುವಂತೆ "ಹದಿನೈದು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಕೂಗುವುದಷ್ಟೇ ಅವಳ ಕೆಲಸ. ಮುಷ್ಟಿಗಾತ್ರದ ಡಬ್ಬಿಯೊಳಗೆ ಕೂತಿದ್ದ ಆಕೆಯನ್ನು ನಾವೆಲ್ಲ ಅಂಗಡಿಯ ಆಳು ಅಂದುಕೊಂಡಿದ್ದೆವು. 2025ರ ಜುಲೈನಲ್ಲಿ ಗೊತ್ತಾಯಿತು, ಆಕೆ ಸರ್ಕಾರಿ ಸಾಕ್ಷಿ.

ಆ ತಿಂಗಳು ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಕಂಪನಿಗಳಿಂದ 2021-22ರಿಂದ 2024-25ರವರೆಗಿನ ಜಮಾ ಲೆಕ್ಕ ತರಿಸಿಕೊಂಡು ಟೀ ಅಂಗಡಿ, ಬೇಕರಿ, ಕಾಂಡಿಮೆಂಟ್ಸ್‌ಗಳಿಗೆ ಸಾವಿರಾರು ನೋಟಿಸ್ ಹಂಚಿತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ನೋಟಿಸ್ ರಾಜ್ಯವೆಲ್ಲ ಸುದ್ದಿಯಾಯಿತು: ನಾಲ್ಕು ವರ್ಷದಲ್ಲಿ 1.63 ಕೋಟಿ ವಹಿವಾಟು, ಕಟ್ಟಬೇಕಾದ ತೆರಿಗೆ 29 ಲಕ್ಷ. ಕೋಟಿ ಎಂದಾಗ ಯಾರಿಗಾದರೂ ಕಣ್ಣು ಅರಳುತ್ತದೆ. ಭಾಗಿಸಿ ನೋಡಿದರೆ ದಿನಕ್ಕೆ ಹನ್ನೊಂದು ಸಾವಿರದ ಚಿಲ್ಲರೆ. ಅದರಲ್ಲಿ ಬದನೆಕಾಯಿ ತಂದ ರೈತನ ದುಡ್ಡು ಹೋಗಬೇಕು, ಸಂಜೆ ಹೊತ್ತಿಗೆ ಬಾಡಿದ ಕೊತ್ತಂಬರಿ ಹೋಗಬೇಕು, ಬೀದಿ ದನ ಬಾಯಿ ಹಾಕಿದ್ದೂ ಹೋಗಬೇಕು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ ಎಂಬುದು ವ್ಯಾಪಾರಿಗೆ ಗೊತ್ತಿತ್ತು, ಗಿರಾಕಿಗೆ ಗೊತ್ತಿತ್ತು, ಬಾಯಿ ಹಾಕಿದ ದನಕ್ಕೂ ಗೊತ್ತಿದ್ದಿರಬಹುದು. ಕಂಪ್ಯೂಟರಿಗೆ ಮಾತ್ರ ಯಾರೂ ಹೇಳಿರಲಿಲ್ಲ.

ನಮ್ಮ ಬೇಕರಿಯಣ್ಣ ಹಾಸನದ ಆಲೂರು ಕಡೆಯವರು. ಅವರಿಗೆ ನೋಟಿಸ್ ಬಂದಿರಲಿಲ್ಲ. ಪಕ್ಕದ ಬಡಾವಣೆಯ ಜ್ಯೂಸ್ ಅಂಗಡಿಗೆ ಬಂತಂತೆ ಎಂಬ ಸುದ್ದಿಯೇ ಸಾಕಾಯಿತು. ಮರುದಿನ ನಾನು ಹೋಗುವ ಹೊತ್ತಿಗೆ ಕ್ಯೂಆರ್ ಚೀಟಿ ಕಿತ್ತು ಹೋಗಿ ಗೋಡೆಯಲ್ಲಿ ಅಂಟಿನ ಚೌಕ ಮಾತ್ರ ಉಳಿದಿತ್ತು. ಅದರ ಮೇಲೆ ರಸ್ಕಿನ ರಟ್ಟು, ರಟ್ಟಿನ ಮೇಲೆ ದಪ್ಪಕ್ಷರ: "ನೋ ಯುಪಿಐ ಓನ್ಲಿ ಕ್ಯಾಶ್". 2016ರ ನವೆಂಬರಿನಲ್ಲಿ ನೋಟು ಹಿಡಿದವರನ್ನೆಲ್ಲ ಕಳ್ಳರಂತೆ ನೋಡಿ, ಫೋನು ಹಿಡಿ ಎಂದರು. ಹಿಡಿದರು. ಒಂಬತ್ತು ವರ್ಷ ಆಗುವುದರೊಳಗೆ ಫೋನು ಹಿಡಿದವರೇ ಸಿಕ್ಕಿಬಿದ್ದರು. ಈಗ ಮತ್ತೆ ನೋಟು ಹಿಡಿದಿದ್ದಾರೆ. ಕೈ ಬೆವರಿದ್ದೊಂದೇ ಲಾಭ.

ಕಾನೂನು ಇಲಾಖೆಯ ಕಡೆಗೇ ಇತ್ತು, ಅದನ್ನು ಒಪ್ಪಬೇಕು. ಮಿತಿ ದಾಟಿದವರು ನೋಂದಣಿ ಮಾಡಿಸಬೇಕು ಎಂಬುದು ಜಿಎಸ್‌ಟಿ ಬಂದ ದಿನದಿಂದ ಇರುವ ನಿಯಮ. ಆದರೆ ಆ ಮಿತಿ ಎಲ್ಲಿದೆ ಎಂದು ನೋಡೋಣ ಅಂತ ಒಂದು ಸಂಜೆ ಅಣ್ಣ, ನಾನು, ಒಂದು ಸಿಗರೇಟ್ ಪ್ಯಾಕಿನ ಹಿಂಬದಿ, ಮೂವರೂ ಕೂತೆವು.

ಟೀ ಕಾಸಿ ಕೊಡುವುದು ತೆರಿಗೆಯ ಭಾಷೆಯಲ್ಲಿ ಸೇವೆ. (ಇದನ್ನು ಕೇಳಿ ಅಣ್ಣ ಮೊದಲ ಸಲ ನಕ್ಕರು.) ಬರೀ ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಮಾಡುವವರಿಗೆ 20 ಲಕ್ಷ. ಟೀಗೆ 15 ರೂಪಾಯಿ. ದಿನಕ್ಕೆ 365 ಟೀ ಅಂತಿಟ್ಟುಕೊಂಡು ವರ್ಷದ 365 ದಿನವೂ ಬಾಗಿಲು ತೆರೆದರೆ 19,98,375 ರೂಪಾಯಿ. ಗೆರೆ ಮುಟ್ಟಲು ಉಳಿದದ್ದು 1,625. ಅಂದರೆ ಇನ್ನೂ 108 ಟೀ ಕೊಡಬಹುದು. ಅಷ್ಟೋತ್ತರ! ಜಿಎಸ್‌ಟಿ ಕೌನ್ಸಿಲ್‌ನಲ್ಲಿ ಯಾರೋ ದೈವಭಕ್ತರು ಇದ್ದಿರಬೇಕು. ನೂರೆಂಟು ಲೋಟದವರೆಗೆ ಬೇಕರಿಯಣ್ಣ ಬಡ ಸಣ್ಣ ವ್ಯಾಪಾರಿ, ಭಾಷಣಗಳಲ್ಲಿ ದೇಶದ ಬೆನ್ನೆಲುಬು. ನೂರೊಂಬತ್ತನೆಯ ಟೀ ಸೋಸಿದ ಕೂಡಲೇ ವಹಿವಾಟು 20,00,010 ರೂಪಾಯಿ. ಆ ಹತ್ತು ರೂಪಾಯಿಗೆ ಬೆನ್ನೆಲುಬು ಕಳಚಿ ತೆರಿಗೆಗಳ್ಳನಾಗುತ್ತದೆ.

"ಹಂಗಾದ್ರೆ ಯುಗಾದಿಗೆ ಒಂದಿನ ಬಾಗ್ಲು ಹಾಕ್ಬಿಟ್ರೆ?" ಅಂದರು ಅಣ್ಣ. ತೆರಿಗೆ ಸಲಹೆಗಾರರು ಸಾವಿರಾರು ರೂಪಾಯಿ ತೆಗೆದುಕೊಂಡು ಹೇಳುವ ಮಾತು ಅದು.

ಅಷ್ಟರಲ್ಲಿ ನನ್ನ ಕಣ್ಣು ಹಾಲಿನ ಕ್ರೇಟಿನ ಮೇಲೆ ಬಿತ್ತು. ಪ್ಯಾಕೆಟ್ ಹಾಲಿಗೆ ತೆರಿಗೆ ಇಲ್ಲ. ಮಾರಿದರೆ ಅಂಗಡಿಯವನಿಗೆ ಉಳಿಯುವುದು ಚಿಲ್ಲರೆ ಕಾಸು. ಆದರೆ ಟೀ ಮಾರುವವನು ಹಾಲೂ ಮಾರಿದರೆ ಆ ಪ್ಯಾಕೆಟ್ಟಿನ 24 ರೂಪಾಯಿ ಪೂರ್ತಿಯಾಗಿ ಒಟ್ಟು ವಹಿವಾಟಿಗೆ ಸೇರುತ್ತದೆ. ತೆರಿಗೆ ಇಲ್ಲದ ಹಾಲೇ ಅವನನ್ನು ಎತ್ತಿಕೊಂಡು ಹೋಗಿ ತೆರಿಗೆಯ ಗೆರೆಯಾಚೆ ಇಳಿಸುತ್ತದೆ. ನಮ್ಮ ಹಳ್ಳಿ ಆಟಗಳಲ್ಲಿ ಸಣ್ಣ ಮಕ್ಕಳನ್ನು ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಸೇರಿಸಿಕೊಳ್ಳುತ್ತಿದ್ದೆವು. ನಂದಿನಿ ಪ್ಯಾಕೆಟ್ಟು ಆಟಕ್ಕಿಲ್ಲ, ಲೆಕ್ಕಕ್ಕುಂಟು.

ಹಾಲಿನ ಮಾತು ಬಂತಲ್ಲ, ಆ 24 ರೂಪಾಯಿಯ ಕಥೆಯನ್ನೂ ಹೇಳಿಬಿಡುತ್ತೇನೆ. ಬೆಲೆ ಏರಿದಾಗ ಸರ್ಕಾರದವರು ಇದು ತೆರಿಗೆಯಲ್ಲ, ದುಡ್ಡು ರೈತರಿಗೆ ಎಂದಿದ್ದರು, ರೈತರಿಗೆ ಸಿಗುವುದಾದರೆ ನನ್ನದೇನೂ ತಕರಾರಿಲ್ಲ. ತಕರಾರು ವ್ಯಾಕರಣದ ಬಗ್ಗೆ. 2024ರ ಜೂನ್‌ನಲ್ಲಿ ಅರ್ಧ ಲೀಟರಿನ ಪ್ಯಾಕೆಟ್ 22ರಿಂದ 24 ರೂಪಾಯಿಗೆ ಹೋಯಿತು. ಬೆಲೆ ಏರಿಸಿಲ್ಲ, 50 ಮಿಲಿ ಹೆಚ್ಚು ಹಾಲು ಕೊಡುತ್ತಿದ್ದೇವೆ, ಅದರ ದುಡ್ಡು ಎಂದರು. ಯಾರೂ ಕೇಳಿರದ 50 ಮಿಲಿ ಮನೆಮನೆಗೂ ನೆಂಟನಂತೆ ಬಂತು. 2025ರ ಏಪ್ರಿಲ್‌ನಲ್ಲಿ ಲೀಟರಿಗೆ 4 ರೂಪಾಯಿ ಏರಿಸಿದಾಗ ಪ್ಯಾಕೆಟ್ ಮತ್ತೆ ಅರ್ಧ ಲೀಟರ್ ಆಯಿತು, ಬೆಲೆ 24ರಲ್ಲೇ ನಿಂತಿತು. ಹಾಲು ಬಂದ ದಾರಿಯಲ್ಲೇ ವಾಪಸ್ ಹೋಯಿತು, ಅದರ ಜೊತೆ ಬಂದಿದ್ದ ಎರಡು ರೂಪಾಯಿಗೆ ಮಾತ್ರ ದಾರಿ ತಪ್ಪಿತು.

ಅದೇ ಏಪ್ರಿಲ್ ಒಂದು, ಮೂರ್ಖರ ದಿನ. ಹಾಲಿನ ಜೊತೆ ಕರೆಂಟಿಗೆ ಯೂನಿಟ್ಟಿಗೆ 36 ಪೈಸೆ ಬಂತು, ನಿವೃತ್ತ ನೌಕರರ ಪಿಂಚಣಿಗಂತೆ. ಬೆಂಗಳೂರಿನಲ್ಲಿ ಕಸಕ್ಕೆ ಶುಲ್ಕ ಬಂತು. ಡೀಸೆಲ್ ಮೇಲಿನ ಮಾರಾಟ ತೆರಿಗೆ 18.44ರಿಂದ ಶೇ 21.17ಕ್ಕೆ ಹೋಗಿ ಲೀಟರಿಗೆ ಎರಡು ರೂಪಾಯಿ ಏರಿತು. ಹಿಂದಿನ ಜೂನ್‌ನಲ್ಲಷ್ಟೇ ಪೆಟ್ರೋಲಿಗೂ ಡೀಸೆಲಿಗೂ ಲೀಟರಿಗೆ ಸುಮಾರು ಮೂರು ರೂಪಾಯಿ ಏರಿಸಿ ಆಗಿತ್ತು. ಪ್ರತಿ ಸಲವೂ ಒಂದೇ ಸಮಾಧಾನ: ಪಕ್ಕದ ರಾಜ್ಯಗಳಿಗಿಂತ ನಮ್ಮಲ್ಲೇ ಕಡಿಮೆ. ಪಕ್ಕದ ಮನೆಯವನಿಗೆ ಎರಡು ಬಿದ್ದಿದೆ, ನಿನಗೆ ಒಂದೇ ತಾನೇ ಎಂದು ಕೆನ್ನೆ ಸವರಿದ ಹಾಗೆ. ಡೀಸೆಲ್ ಕಾರಿನವರ ಸಮಸ್ಯೆ ಅಂತ ಟೀ ಕುಡಿಯುವವರು ಸುಮ್ಮನಿದ್ದರು. ಆದರೆ ಹಾಲು, ಮೈದಾ, ಸಕ್ಕರೆ, ಗ್ಯಾಸ್ ಸಿಲಿಂಡರ್ ಯಾವುದೂ ಬೇಕರಿಗೆ ನಡೆದುಕೊಂಡು ಬರುವುದಿಲ್ಲ.

ಇನ್ನು ನೋಟಿಸ್ ಯಾರದು ಎಂಬ ಪ್ರಶ್ನೆ. ರಾಜ್ಯದವರು ಜಿಎಸ್‌ಟಿ ಕೇಂದ್ರದ್ದು ಎಂದರು. ಕೇಂದ್ರದವರು ನೋಟಿಸ್ ಕೊಟ್ಟದ್ದು ರಾಜ್ಯದ ಇಲಾಖೆ ಎಂದರು. ಎರಡೂ ನಿಜ. ಬಂದ ತೆರಿಗೆಯನ್ನು ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ ಎಂದು ಪೈಸೆ ಬಿಡದೆ ಹಂಚಿಕೊಳ್ಳುವ ಇವರಿಗೆ ಬೈಗುಳ ಹಂಚಿಕೊಳ್ಳಲು ಮಾತ್ರ ಸೂತ್ರ ಸಿಕ್ಕಿಲ್ಲ.

ಜುಲೈ 23, 24ರಂದು ವ್ಯಾಪಾರಿಗಳು ಹಾಲು ಮಾರಾಟ ನಿಲ್ಲಿಸಿ, ಕಪ್ಪು ಪಟ್ಟಿ ಕಟ್ಟಿ, ಹಾಲಿಲ್ಲದ ಟೀ ಕೊಟ್ಟು ಪ್ರತಿಭಟಿಸಿದರು. ನಮ್ಮ ಬೀದಿಯ ಐಟಿ ಹುಡುಗರು ಅದನ್ನು ಆರೋಗ್ಯಕರ ಹೊಸ ಮೆನು ಎಂದು ತಿಳಿದು ನಿಂಬೆಹಣ್ಣು ಹಿಂಡಿ ಅಂತ ಕೇಳಿದರು. 23ರಂದೇ ಮುಖ್ಯಮಂತ್ರಿ ಸಿದ್ದರಾಮಯ್ಯ ಸಂಘಗಳವರನ್ನು ಕರೆಸಿ, ಹಳೇ ಬಾಕಿ ವಸೂಲಿ ಮಾಡಲ್ಲ, ಇನ್ನು ಮುಂದೆ ನೋಂದಣಿ ಮಾಡಿಸಿ ಎಂದರು. 25ರ ಬಂದ್ ರದ್ದಾಯಿತು. ಕಿತ್ತ ಕ್ಯೂಆರ್ ಎಷ್ಟೋ ಗೋಡೆಗಳಿಗೆ ವಾಪಸ್ ಬರಲಿಲ್ಲ.

ಆ ರಾತ್ರಿ ಅಣ್ಣನಿಗೆ ಒಂದು ಕಥೆ ಹೇಳಿದೆ. 2019ರ ಬಜೆಟ್ ಭಾಷಣದಲ್ಲಿ ನಿರ್ಮಲಾ ಸೀತಾರಾಮನ್ ಅವರು ಸಂಗಂ ಕಾಲದ ಒಂದು ತಮಿಳು ಪದ್ಯ ಹೇಳಿದ್ದರು. ಸಣ್ಣ ಗದ್ದೆಯ ಭತ್ತ ಕೊಯ್ದು ತುತ್ತು ಮಾಡಿ ಕೊಟ್ಟರೆ ಆನೆಗೆ ಎಷ್ಟೋ ದಿನ ಆಗುತ್ತದೆ, ಅದೇ ಆನೆ ತಾನೇ ಗದ್ದೆಗೆ ಇಳಿದರೆ ತಿನ್ನುವುದಕ್ಕಿಂತ ತುಳಿಯುವುದೇ ಜಾಸ್ತಿ. ಅರಸ ತೆರಿಗೆ ಎತ್ತುವುದು ಹೇಗೆ ಎಂಬುದಕ್ಕೆ ಅಂದಿನ ಕವಿ ಕೊಟ್ಟ ಬುದ್ಧಿವಾದ.

ಆಲೂರಿನವರಿಗೆ ಆನೆಯ ಬಗ್ಗೆ ಪದ್ಯ ಹೇಳಿದ್ದು ನನ್ನ ತಪ್ಪು. "ನಮ್ಮಪ್ಪನ ಗದ್ದೆಗೆ ಇಳಿದಿದ್ದು ಪದ್ಯದಾನೆ ಅಲ್ಲ ಸಾರ್, ನಿಜದ್ದು," ಅಂದರು. "ಅದಾದ್ರೆ ಪಟಾಕಿ ಹೊಡೆದು ಓಡಿಸ್ಬೋದು. ಬೆಳಿಗ್ಗೆ ಫಾರೆಸ್ಟ್‌ನೋರು ಬಂದು ಎಷ್ಟು ಹಾಳಾಯ್ತು ಅಂತ ಬರ್ಕೊಂಡು ಹೋಗ್ತಾರೆ, ಲೇಟಾದ್ರೂ ಅಷ್ಟೋ ಇಷ್ಟೋ ಪರಿಹಾರ ಬರುತ್ತೆ. ನಾಕ್ ವರ್ಷ ಪೊದೇಲಿ ಕೂತು ನೀನು ಎಷ್ಟು ನಾಟಿ ಮಾಡಿದೀಯ ಅಂತ ಲೆಕ್ಕ ಇಟ್ಕೊಂಡು ಬರೋ ಆನೆ ನಾನು ನೋಡಿಲ್ಲ."

ಕೊನೆಗೆ ಅಣ್ಣ ನೋಂದಣಿ ಮಾಡಿಸಿದರು. ಪ್ರಾಮಾಣಿಕರು ಅಂತಲೋ, ನಿದ್ದೆ ಬರದಿದ್ದಕ್ಕೋ, ಕೇಳಲಿಲ್ಲ. ಸಣ್ಣ ಹೋಟೆಲಿನವರಿಗೆ ಕಾಂಪೊಸಿಷನ್ ಎಂಬ ಸುಲಭ ದಾರಿ ಇದೆ: ವಹಿವಾಟಿನ ನೂರಕ್ಕೆ ಐದು ಕಟ್ಟಿ ಆರಾಮಾಗಿರಿ. 20 ಲಕ್ಷಕ್ಕೆ ಒಂದು ಲಕ್ಷ, ತಿಂಗಳಿಗೆ ಎಂಟು ಸಾವಿರದ ಚಿಲ್ಲರೆ. ಲಾಭದ ಮೇಲಲ್ಲ, ಗಲ್ಲಾಪೆಟ್ಟಿಗೆಗೆ ಬಿದ್ದ ಅಷ್ಟರ ಮೇಲೂ. ಅದನ್ನು ಗಿರಾಕಿಯಿಂದ ತೆರಿಗೆ ಅಂತ ಕೇಳುವಂತಿಲ್ಲ. ಕಮರ್ಷಿಯಲ್ ಸಿಲಿಂಡರಿಗೆ ಕೊಟ್ಟ ಶೇ 18 ವಾಪಸ್ ಪಡೆಯುವಂತಿಲ್ಲ. ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕು. ಮತ್ತು ನಾನು ಕಾಂಪೊಸಿಷನ್ ತೆರಿಗೆದಾರ ಎಂದು ಎದ್ದು ಕಾಣುವಂತೆ ಬೋರ್ಡು ಹಾಕಬೇಕು. ಅಂಟಿನ ಚೌಕದ ಮೇಲೆ ಈಗ ಆ ಬೋರ್ಡಿದೆ. ಬಂದವರೆಲ್ಲ ಅದು ಹೊಸ ಬಗೆಯ ಕೇಕು ಅಂದುಕೊಂಡು ರೇಟು ಕೇಳುತ್ತಾರೆ.

ಲೆಕ್ಕ ಒಪ್ಪಿಸಲು ಆಡಿಟರ್ ಬೇಕು, ಆಡಿಟರಿಗೆ ಫೀಸು ಬೇಕು. ಲೋಟ ತೊಳೆಯಲು ಅರಸೀಕೆರೆಯ ಇಪ್ಪತ್ತರ ಹುಡುಗನೊಬ್ಬನಿದ್ದ. ಗೌರಿ ಹಬ್ಬಕ್ಕೆ ಊರಿಗೆ ಹೋದವನಿಗೆ, ಅಲ್ಲೇ ಇರಪ್ಪ, ಬೇಕಾದಾಗ ಫೋನ್ ಮಾಡ್ತೀನಿ ಅಂತ ಹೇಳಿ ಕಳಿಸಿದರು. ಇದರಿಂದ ಉದ್ಯೋಗ ಹೋಯಿತು ಎಂದು ಅಂಕಿಅಂಶದವರು ಬರೆದುಕೊಳ್ಳುವ ಹಾಗಿಲ್ಲ. ಲೋಟ ತೊಳೆಯುವ ಕೆಲಸ ಹೋಗಿ ಲೆಕ್ಕ ತೊಳೆಯುವ ಕೆಲಸ ಬಂದಿದೆ. ಲೋಟಗಳನ್ನು ಈಗ ಅಣ್ಣನ ಹೆಂಡತಿ ತೊಳೆಯುತ್ತಾರೆ. ಅದಕ್ಕೆ ಸಂಬಳವಿಲ್ಲವಾದ್ದರಿಂದ ತೆರಿಗೆಯೂ ಇಲ್ಲ. ಟೀ ಈಗಲೂ 15 ರೂಪಾಯಿಯೇ. ಬೆಲೆ ಏರಿಸಿಲ್ಲ ಸಾರ್ ಅಂತ ಅಣ್ಣ ಎದೆ ತಟ್ಟಿಕೊಂಡು ಹೇಳುತ್ತಾರೆ. ಸರ್ಕಾರದಿಂದ ಕಲಿತದ್ದು. ಲೋಟ ಮಾತ್ರ ಹೊಸದು, ಬುಡ ದಪ್ಪ. ನಾಲ್ಕು ಗುಟುಕಿನ ಟೀ ಮೂರಕ್ಕೆ ಮುಗಿಯುತ್ತದೆ.

ಮೊನ್ನೆ ಟೀ ಕುಡಿದು ಐನೂರರ ನೋಟು ಕೊಟ್ಟೆ. ಚಿಲ್ಲರೆ ಇಲ್ಲ ಅಂದರು. ನನ್ನ ಜೇಬಿನಲ್ಲಿ ಹತ್ತರ ಒಂದೇ ನೋಟು. ಉಳಿದ ಐದಕ್ಕೆ ಪಕ್ಕದವರನ್ನು ಕೇಳಿದೆ, ಅವರು ನನ್ನನ್ನೇ ಕೇಳುವವರಿದ್ದರು. ಫೋನಿನಲ್ಲಿ ಅಣ್ಣನ ಹಳೇ ನಂಬರ್ ಹೇಗೂ ಇತ್ತಲ್ಲ ಎಂದು ಸದ್ದಿಲ್ಲದೆ ಹದಿನೈದು ಒತ್ತಿದೆ.

ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಮೇಲಿನ ಹಲಗೆಯ ಮೇಲಿದ್ದ ರಸ್ಕಿನ ಡಬ್ಬದೊಳಗಿಂದ, ಮುಚ್ಚಿದ ಬಟ್ಟೆಯಡಿಯಿಂದ, ನೆಗಡಿಯಾದ ದನಿಯಲ್ಲಿ, "ಹದಿನೈದು ರೂಪಾಯಿ ಸ್ವೀಕರಿಸಲಾಗಿದೆ."

ಟೀ ಕುಡಿಯುತ್ತಿದ್ದವರೆಲ್ಲ ರಸ್ತೆಯ ಎರಡೂ ಕಡೆ ನೋಡಿದರು. ಅಣ್ಣ ಕಾಸುತ್ತಿದ್ದ ಹಾಲನ್ನು ಬಿಟ್ಟು ಡಬ್ಬಕ್ಕೆ ಕೈ ಹಾಕಿದರು. ಹಾಲು ಉಕ್ಕಿತು.