ಒಂದು ಫ್ರೇಮಿಗೆ ಮೂರು ಫ್ರೀ

ಎನ್ವಿಡಿಯಾ ಕಂಪನಿಯ ಒಡೆಯ ಜೆನ್ಸನ್ ಹುವಾಂಗ್ ಚರ್ಮದ ಜಾಕೀಟು ಹಾಕಿಕೊಂಡು ವೇದಿಕೆ ಹತ್ತಿದರೆ ಎಲ್ಲೋ ಯಾರದೋ ಅಪ್ಪನ ಜೇಬಿಗೆ ತೂತು ಬಿತ್ತು ಎಂದೇ ಲೆಕ್ಕ. 2025ರ ಜನವರಿಯಲ್ಲಿ ಲಾಸ್ ವೇಗಸ್‌ನಲ್ಲಿ ಕಂಪ್ಯೂಟರ್ ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡು ಆರ್‌ಟಿಎಕ್ಸ್ 5090 ಎತ್ತಿ ತೋರಿಸಿದ್ದೇ ತಡ, ತೀರ್ಥಹಳ್ಳಿ ಕಡೆಯ ನಮ್ಮ ಹುಡುಗರಿಗೂ ಊಟ ಸೇರದಾಯಿತು. 2022ರಲ್ಲಿ ಬಂದ ಹಿಂದಿನ ಕಾರ್ಡು 4090 ಆಗಲೇ ಮುದಿಯಾಯಿತಂತೆ. ಅಷ್ಟರಲ್ಲಿ ನಮ್ಮ ತೋಟದಲ್ಲಿ ನೆಟ್ಟ ಅಡಿಕೆ ಗಿಡ ಹಿಂಗಾರವನ್ನೂ ಬಿಡುವುದಿಲ್ಲ.

ಬಂದಾಗಿನ ಬೆಲೆ ಅಮೆರಿಕದಲ್ಲಿ 1,999 ಡಾಲರ್, ಇಲ್ಲಿ ಎರಡು ಲಕ್ಷದ ಮೇಲೆ. ನುಂಗುವ ಕರೆಂಟು 575 ವ್ಯಾಟ್. ಒಂದು ಎಚ್‌ಪಿ ಎಂದರೆ 746 ವ್ಯಾಟ್, ಹಾಗಾಗಿ ಇದು ಹತ್ತಿರ ಹತ್ತಿರ ಮುಕ್ಕಾಲು ಎಚ್‌ಪಿ. ಮೋಟರಾದರೆ ನೀರಾದರೂ ಎತ್ತುತ್ತಿತ್ತು.

ಇಷ್ಟೆಲ್ಲ ಯಾತಕ್ಕೆಂದರೆ ರೇ ಟ್ರೇಸಿಂಗ್‌ಗೆ. ಬೆಳಕಿನ ಕಿರಣ ಎಲ್ಲಿ ಬಿದ್ದು ಎಲ್ಲಿಗೆ ಚಿಮ್ಮುತ್ತದೆಂದು ಲೆಕ್ಕ ಹಾಕಿ, ಆಟದೊಳಗಿನ ರಸ್ತೆಯಲ್ಲಿ ನಿಂತ ಮಳೆನೀರಿನಲ್ಲಿ ದೀಪ ಹೊಳೆಯುವಂತೆ ಮಾಡುತ್ತದೆ. ಈ ಸೌಲಭ್ಯ ನಮ್ಮೂರ ರಸ್ತೆಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪುಕ್ಕಟೆ. ಹೊಂಡದಲ್ಲಿ ಲಾರಿಯ ಹೆಡ್‌ಲೈಟು, ಡೀಸೆಲ್ ಚೆಲ್ಲಿದಲ್ಲಿ ಕಾಮನಬಿಲ್ಲು, ದಡದಲ್ಲಿ ಕೂತ ಕಪ್ಪೆಯ ಬೆನ್ನ ಮೇಲೂ ಒಂದು ಮಿಂಚು. ರೆಸಲ್ಯೂಶನ್ ಬಗ್ಗೆ ಯಾರದೂ ತಕರಾರಿಲ್ಲ. ಆಳ ಎಷ್ಟೆಂಬುದು ಮಾತ್ರ ಬೈಕಿನ ಮುಂದಿನ ಚಕ್ರ ಇಳಿದ ಮೇಲೆ ಗೊತ್ತಾಗುತ್ತದೆ.

ನಾನು ಮನಸೋತದ್ದು ಬೇರೆಯದಕ್ಕೆ. ಈ ಕಾರ್ಡು ಒಂದು ಫ್ರೇಮನ್ನು, ಅಂದರೆ ಪರದೆಯ ಮೇಲಿನ ಒಂದು ಚಿತ್ರವನ್ನು, ಬೆವರು ಸುರಿಸಿ ಬಿಡಿಸಿ, ಅದರ ಹಿಂದೆ ಮೂರನ್ನು ಎಐ ಊಹೆಯಿಂದಲೇ ತುಂಬಿಸಬಲ್ಲದು. ಪುಸ್ತಕದಲ್ಲಿ ನಾಲ್ಕು. 549 ಡಾಲರಿನ ತಮ್ಮ ಕಾರ್ಡು 5070 ಹಳೇ 4090ಕ್ಕೆ ಸಮ ಎಂದು ವೇದಿಕೆಯಲ್ಲಿ ಹೇಳಿದ್ದೂ ಈ ಲೆಕ್ಕದ ಬಲದಿಂದಲೇ. ಏನು ಮಹಾ? ನಮ್ಮ ಗುತ್ತಿಗೆದಾರರು ಯಾವ ಚಿಪ್ಪೂ ಇಲ್ಲದೆ ಒಂದು ಮೋರಿ ಕಟ್ಟಿ ನಾಲ್ಕಕ್ಕೆ ಎಂ.ಬಿ. (ಕಾಮಗಾರಿಯ ಅಳತೆ ಪುಸ್ತಕ) ಬರೆಸಿ ಬಿಲ್ಲು ಎತ್ತಿದ ಕಾಲಕ್ಕೆ ಹುವಾಂಗ್ ಸಾಹೇಬರು ಇನ್ನೂ ಕಂಪನಿ ತೆರೆದಿರಲಿಲ್ಲ.

ತೊಂದರೆ ಏನೆಂದರೆ, ಫ್ರೇಮು ಊಹೆಯದ್ದಾದರೂ ಕರೆಂಟು ಅಸಲಿಯೇ ಬೇಕು. ಮಳೆಗಾಲದಲ್ಲಿ ಅಕೇಶಿಯಾ ಮರ ಲೈನಿಗೆ ಒರಗಿದರೆ ಮುಗಿಯಿತು. ಲೈನ್‌ಮನ್ ಪಾಪ ಒಬ್ಬ, ಊರು ಹತ್ತಾರು. ಬಂದ ದಿನವೂ ವೋಲ್ಟೇಜಿಗೆ ಮಿಕ್ಸಿ ನರಳುತ್ತದೆ.

ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿಸಿದ್ದು 1964ರಲ್ಲಿ. ಊರು, ಗದ್ದೆ, ದೇವಸ್ಥಾನ ಎಲ್ಲ ಮುಳುಗಿಸಿ ತೆಗೆದ ಕರೆಂಟು ಘಟ್ಟ ಇಳಿದು, ಬಯಲು ದಾಟಿ, ಬೆಂಗಳೂರನ್ನು ಬೆಳಗಿತು. ಮುಳುಗಡೆಯವರ ಮೊಮ್ಮಕ್ಕಳು ಇವತ್ತಿಗೂ ಹಕ್ಕುಪತ್ರಕ್ಕೆ ಕಚೇರಿ ಸುತ್ತುತ್ತಿದ್ದಾರೆ. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ನನಗೂ ಸಾಕಾಗಿದೆ. ಕಾರ್ಡು ಸುಮಾರು ಎರಡು ವರ್ಷಕ್ಕೊಮ್ಮೆ ಹೊಸದಾಗುತ್ತದೆ, ಇವರ ಅರ್ಜಿ ಅದೇ.

ಮೊನ್ನೆ ಪಕ್ಕದ ಮನೆಯ ಹುಡುಗ ಕಾರ್ಡಿನ ವಿಷಯ ಎತ್ತಿದ. ಅವನ ಅಪ್ಪ ತಲೆಯೆತ್ತದೆ ಹೇಳಿದರು: "ತಗಳಣ ಮಾರಾಯ, ತಗಳಣ. ಈಗ ಕತ್ತಿ ತಗಂಡು ಬಾ, ಲೈನಿನ ಮೇಲೆ ಮತ್ತೆ ಮರ ಬಿದ್ದಿದೆ."